ತೋಟದ ಮನೆ, ಪೇಟೆ ಮನೆ, ಹಿರಿಯರ ವಸತಿ: ಕಕ್ಕಡದ ರಾತ್ರಿಗೆ ಯಾವುದು ತಡೆಯುತ್ತದೆ?

ವಯಸ್ಸಾದ ಅಪ್ಪ-ಅಮ್ಮ ಇನ್ನು ಎಲ್ಲಿರಬೇಕು ಎಂಬ ಮಾತು ಕೊಡಗಿನ ಮನೆಗಳಲ್ಲಿ ಏಳುವುದು ಸಾಮಾನ್ಯವಾಗಿ ಪುತ್ತರಿ (ಸುಗ್ಗಿ) ಹಬ್ಬಕ್ಕೋ ಬೇಸಿಗೆ ರಜೆಗೋ ಮಕ್ಕಳೆಲ್ಲ ಊರಿಗೆ ಬಂದಾಗ. ಆಗ ರಸ್ತೆ ಒಣಗಿರುತ್ತದೆ, ಕರೆಂಟು ಇರುತ್ತದೆ, ಮನೆ ತುಂಬ ಜನ ಇರುತ್ತಾರೆ. ಆ ಹೊತ್ತಿನಲ್ಲಿ ತೋಟದ ಮನೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ. ತೀರ್ಮಾನ ಮಾಡಬೇಕಾದ್ದು ಮಾತ್ರ ಕಕ್ಕಡದ, ಅಂದರೆ ಜಡಿಮಳೆಯ ತಿಂಗಳ, ಲೆಕ್ಕದಲ್ಲಿ: ಜುಲೈ ಕೊನೆಯ ವಾರ, ರಾತ್ರಿ ಎರಡು ಗಂಟೆ, ಮೂರು ದಿನದಿಂದ ಕರೆಂಟಿಲ್ಲ, ಬಚ್ಚಲಿಗೆ ಹೋದ ಅಮ್ಮ ಜಾರಿ ಬಿದ್ದಿದ್ದಾರೆ. ಎಷ್ಟು ನಿಮಿಷದಲ್ಲಿ ಯಾರಿಗೆ ಗೊತ್ತಾಗುತ್ತದೆ? ಯಾರು ಎತ್ತುತ್ತಾರೆ? ಆಸ್ಪತ್ರೆಗೆ ಎಷ್ಟು ಹೊತ್ತು? ಈ ಮೂರಕ್ಕೂ ಹೆಸರು, ಫೋನ್ ನಂಬರು, ನಿಮಿಷದ ಲೆಕ್ಕದಲ್ಲಿ ಉತ್ತರ ಕೊಡುವ ಜಾಗ ಯಾವುದೋ ಅದು ಸರಿಯಾದ ಜಾಗ. ಈಜುಕೊಳ, ಗ್ರಂಥಾಲಯ, ಬೆಟ್ಟ ಕಾಣುವ ಬಾಲ್ಕನಿ ಎಲ್ಲ ಆಮೇಲೆ.

ಮೊದಲು ಹಿರಿಯರ ಕೈಕಾಲು ನೋಡಿ

ಜಾಗ ಹುಡುಕುವ ಮುಂಚೆ ಅವರು ಯಾವ ಹಂತದಲ್ಲಿದ್ದಾರೆ ಎಂದು ಅಳೆಯಬೇಕು. ಆರು ಕೆಲಸ ಗಮನಿಸಿ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿ ಬರುವುದು, ಮಂಚದಿಂದ ಎದ್ದು ಕುರ್ಚಿಗೆ ಕೂರುವುದು, ಮಲಮೂತ್ರದ ಹಿಡಿತ, ಊಟ. ಆರನ್ನೂ ತಾವೇ ಮಾಡಿಕೊಳ್ಳುವವರಿಗೆ ಎಲ್ಲ ಆಯ್ಕೆಗಳೂ ತೆರೆದಿವೆ. ಒಂದೆರಡಕ್ಕೆ ಕೈ ಹಿಡಿಯಬೇಕಾದರೆ ಹಗಲಿಗೊಬ್ಬರು ಬೇಕು. ಶೌಚ ಮತ್ತು ಎದ್ದು ಕೂರುವುದಕ್ಕೇ ನೆರವು ಬೇಕಾದರೆ ರಾತ್ರಿಗೂ ಬೇಕು. ಅಲ್ಲಿಗೆ ಒಬ್ಬ ಸಹಾಯಕಿಯಿಂದ ನಡೆಯುವ ಲೆಕ್ಕ ಮುಗಿಯಿತು.

ಬೀಳುವ ಅಪಾಯ ತಿಳಿಯಲು ಸುಲಭದ ಪರೀಕ್ಷೆಯಿದೆ. ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಎದ್ದು 3 ಮೀಟರ್ ಮಾಮೂಲಿ ನಡಿಗೆಯಲ್ಲಿ ಹೋಗಿ, ತಿರುಗಿ ಬಂದು ಕೂರಲು ಹೇಳಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಸಂಭವವಿದೆ ಎಂದರ್ಥ. ಇನ್ನೊಂದು ಬಿಪಿಯ ಪರೀಕ್ಷೆ. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕೆ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ, ರಾತ್ರಿ ಮೂತ್ರಕ್ಕೆ ಎದ್ದಾಗ ತಲೆ ತಿರುಗುವುದು ಯಾಕೆಂದು ಗೊತ್ತಾಗುತ್ತದೆ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ದೆ ಮಾತ್ರೆ ಮೂರೂ ಸೇರಿದವರಲ್ಲಿ ಇದು ಮಾಮೂಲು. ಮನೆ ಬದಲಿಸುವ ಮೊದಲು ವೈದ್ಯರ ಬಳಿ ಮಾತ್ರೆಗಳ ಪಟ್ಟಿ ಪರಿಷ್ಕರಿಸಿಕೊಂಡರೆ, ಎಷ್ಟೋ ಸಲ ಮನೆ ಬದಲಿಸುವ ಅಗತ್ಯವೇ ಮುಂದಕ್ಕೆ ಹೋಗುತ್ತದೆ.

ಆಸ್ಪತ್ರೆಗೆ ಎಷ್ಟು ಹೊತ್ತು

ಜಿಲ್ಲೆಯಲ್ಲಿ ರೈಲಿಲ್ಲ, ಎಲ್ಲವೂ ರಸ್ತೆಯ ಮೇಲೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಕುಶಾಲನಗರದಿಂದ 90ರ ಒಳಗೆ. ಸಂಪಾಜೆ ಕಡೆಯವರು ಸುಳ್ಯ, ಮಂಗಳೂರಿಗೆ ಇಳಿಯುತ್ತಾರೆ. ಕುಟ್ಟದವರಿಗೆ ಕೇರಳದ ಮಾನಂದವಾಡಿಯೇ ಹತ್ತಿರ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಕಡಿದುಹೋಗಿದ್ದು ಯಾರಿಗೂ ಮರೆತಿಲ್ಲ. ಹಾಗಾಗಿ ಒಂದು ದಾರಿ ಮುಚ್ಚಿದರೆ ಎರಡನೆಯದು ಯಾವುದು ಎಂಬುದೂ ಲೆಕ್ಕದಲ್ಲಿರಲಿ.

ಮೆದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ, ಅದೂ ಸಿ.ಟಿ. ಸ್ಕ್ಯಾನ್ ಆದ ಮೇಲೆ. ತೋಟದ ಮಣ್ಣುರಸ್ತೆಯಲ್ಲಿ ಜೀಪು, ಅಲ್ಲಿಂದ ಆಂಬ್ಯುಲೆನ್ಸ್, ಮೊದಲ ಆಸ್ಪತ್ರೆಯಲ್ಲಿ ಸ್ಕ್ಯಾನ್ ಇಲ್ಲವೆಂದು ಎರಡನೆಯದಕ್ಕೆ ಹೋದರೆ ಆ ಸಮಯ ಅಲ್ಲೇ ಕರಗುತ್ತದೆ. ಹೃದಯಾಘಾತದಲ್ಲಿ ತಪ್ಪು ಬೇರೆಯದು: ‘ನೇರ ಮೈಸೂರಿಗೇ ಹೋಗೋಣ’ ಎಂದು ಹತ್ತಿರದ ಆಸ್ಪತ್ರೆ ದಾಟಿಬಿಡುವುದು. ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಎರಡು ಗಂಟೆಯೊಳಗೆ ಆಗುವಂತಿಲ್ಲದಿದ್ದರೆ, ಹತ್ತಿರದಲ್ಲೇ ಇಸಿಜಿ ತೆಗೆಸಿ, ವೈದ್ಯರು ಸರಿಯೆಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಪಡೆದು ಮುಂದೆ ಹೋಗುವುದೇ ಜೀವ ಉಳಿಸುವ ದಾರಿ. ಆದ್ದರಿಂದ ಯಾವ ಜಾಗ ಆರಿಸಿದರೂ ಮೊದಲೇ ಹೋಗಿ ಕೇಳಿ: ರಾತ್ರಿ ಇಸಿಜಿ ಇದೆಯೇ, ಆ ಇಂಜೆಕ್ಷನ್ ಕೊಡುತ್ತೀರಾ, ಸಿ.ಟಿ. ಎಲ್ಲಿದೆ? 108ಕ್ಕೆ ಕರೆ ಮಾಡಿದಾಗ ಹೇಳಬೇಕಾದ ಗುರುತನ್ನು ಮನೆಯ ಫೋನಿನ ಪಕ್ಕ ಬರೆದು ಅಂಟಿಸಿ. ‘ನಮ್ಮ ತೋಟದ ಗೇಟು’ ಎಂದರೆ ಹೊರಗಿನ ಚಾಲಕನಿಗೆ ಏನೂ ಗೊತ್ತಾಗದು.

ವಾರಕ್ಕೆ ಎರಡು-ಮೂರು ಸಲ ಡಯಾಲಿಸಿಸ್ ಬೇಕಾದವರಿಗೆ ಈ ಹೋಲಿಕೆಯೆಲ್ಲ ಬೇಡ. ಕೇಂದ್ರದ ಹತ್ತಿರಕ್ಕೆ ಬಂದುಬಿಡಿ.

ತೋಟದ ಮನೆಯಲ್ಲೇ ಉಳಿಯುವುದಾದರೆ

ಕೈಕಾಲು ಗಟ್ಟಿಯಿದ್ದು, ಕೂಗಳತೆಯಲ್ಲಿ ಕೆಲಸದವರ ಲೈನ್ ಮನೆಯೋ ತೋಟದ ಲೆಕ್ಕ ಬರೆಯುವ ರೈಟರ ಮನೆಯೋ ಇರುವ ದಂಪತಿಗೆ ಇದು ಈಗಲೂ ಒಳ್ಳೆಯ ಆಯ್ಕೆ. ಓಡಾಟ, ಕೆಲಸದವರ ಜೊತೆ ಮಾತು, ಕಾಫಿ ಕೊಯ್ಲಿನ ಲೆಕ್ಕಾಚಾರ ಇವೆಲ್ಲ ಮನಸ್ಸನ್ನು ಚುರುಕಾಗಿಡುತ್ತವೆ. ಒಂಟಿ ಹಿರಿಯರಿಗೆ, ಅದರಲ್ಲೂ ಮರೆವು ಶುರುವಾದವರಿಗೆ, ನಮ್ಮ ತೀರ್ಪು ಬೇಡವೆಂದೇ. ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ ಸುತ್ತಿನ ತೋಟಗಳಲ್ಲಿ ಆನೆ ಓಡಾಡುವ ಹೊತ್ತೂ ದಾರಿ ತಪ್ಪಿದ ಅಜ್ಜ ಗೇಟು ದಾಟುವ ಹೊತ್ತೂ ಒಂದೇ: ನಸುಕು ಮತ್ತು ಮುಸ್ಸಂಜೆ.

ಮನೆ ತಿದ್ದಲು ಹೊರಟವರು ಸಾಮಾನ್ಯವಾಗಿ ಹಣ ಹಾಕುವುದು ಹೊರಗಿನ ಇಳಿಜಾರು ದಾರಿಗೆ. ಮೊದಲು ಆಗಬೇಕಾದ್ದು ಬಚ್ಚಲು. ಕಮೋಡಿನ ಆಸನ ನೆಲದಿಂದ 17ರಿಂದ 19 ಇಂಚು ಎತ್ತರವಿರಲಿ. ಕಡಿಮೆಯಿದ್ದರೆ ಎತ್ತರಿಸುವ ಆಸನ ಸಿಗುತ್ತದೆ. ಹಿಡಿಕೆಗಳು 33ರಿಂದ 36 ಇಂಚು ಎತ್ತರದಲ್ಲಿ, ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಸ್ಟೀಲಿನವು. ಟವೆಲ್ ಹಾಕುವ ಸರಳು ಮೈಭಾರ ಹೊರುವುದಿಲ್ಲ, ಆದರೂ ಬೀಳುವಾಗ ಎಲ್ಲರೂ ಹಿಡಿಯುವುದು ಅದನ್ನೇ. ಬಾಗಿಲು ಹೊರಗೆ ತೆರೆಯುವಂತೆ ತಿರುಗಿಸಿ. ಒಳಗೆ ತೆರೆಯುವ ಬಾಗಿಲಿಗೆ ಅಡ್ಡ ಬಿದ್ದವರನ್ನು ಎತ್ತಲು ಬಾಗಿಲನ್ನೇ ಒಡೆಯಬೇಕಾಗುತ್ತದೆ. ಒಳಗಿನ ಚಿಲಕ ತೆಗೆದು ಹೊರಗಿನಿಂದಲೂ ತೆರೆಯುವ ಬೀಗ ಹಾಕಿಸಿ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರುತ್ತದೆ. ಮಂಚದಿಂದ ಬಚ್ಚಲವರೆಗೆ ಜಾರದ, ಅಂಚು ಏಳದ ಹಾಸು ಬೇಕು. ಬಿಡಿ ಕಾಲೊರಸು ಮಾತ್ರ ಬೇಡ, ಅದೇ ಜಾರುತ್ತದೆ. ಅಂಗಳ, ಕಣ, ಮೆಟ್ಟಿಲ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಒರಟು ಬ್ರಷ್‌ನಲ್ಲಿ ಉಜ್ಜಿಸಿ. ಮಳೆಗಾಲದಲ್ಲಿ ಒಂದು ಸಲ ಉಜ್ಜಿದರೆ ಸಾಲದು.

ಚಳಿಗೆ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ತಲೆನೋವು, ಮಂಪರು ಬರುವಷ್ಟರಲ್ಲಿ ಏಳುವ ಶಕ್ತಿ ಹೋಗಿರುತ್ತದೆ. ಗಾಳಿಯಾಡದ ಬಚ್ಚಲೊಳಗಿನ ಗ್ಯಾಸ್ ಗೀಸರಿನದೂ ಇದೇ ಕಥೆ. ಅದನ್ನು ಹೊರಗೋಡೆಗೆ ಹಾಕಿಸಿ.

ಕರೆಂಟಿನ ವಿಷಯ ಬಿಡಿಸಿ ನೋಡಬೇಕು. ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ನಾಲ್ಕು ವಾರ ಹೊರಗೇ ಇರಬಲ್ಲದು, ಕೊಡಗಿನ ಮಳೆಗಾಲದಲ್ಲಿ ಅದಕ್ಕೆ ಭಯವಿಲ್ಲ. ಒಡೆಯದ ದಾಸ್ತಾನಿಗೆ ಮಾತ್ರ 2ರಿಂದ 8 ಡಿಗ್ರಿ ಬೇಕು, ಫ್ರೀಜರಿನಲ್ಲಂತೂ ಇಡಲೇಬಾರದು. ಗಾಳಿಯಿಂದ ಆಮ್ಲಜನಕ ತೆಗೆದುಕೊಡುವ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಇರುವ ಮನೆಯ ಪರಿಸ್ಥಿತಿ ಬೇರೆ. 5 ಲೀಟರಿನ ಯಂತ್ರ 300–400 ವ್ಯಾಟ್ ಎಳೆಯುತ್ತದೆ. 150 ಎಎಚ್ ಬ್ಯಾಟರಿಯೊಂದರ ಇನ್ವರ್ಟರಿನಲ್ಲಿ ಮೂರು ಗಂಟೆ ನಡೆದರೆ ಹೆಚ್ಚು. ಆಮೇಲೆ ಜನರೇಟರ್ ಬೇಕು, ಇಲ್ಲವೇ ಸಿಲಿಂಡರ್. ಬಿ ಟೈಪ್ ಸಿಲಿಂಡರಿನಲ್ಲಿರುವುದು ಸುಮಾರು 1,500 ಲೀಟರ್. ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ. ಮೂರು ದಿನ ಕರೆಂಟಿಲ್ಲದಿದ್ದರೆ ಎಷ್ಟು ಸಿಲಿಂಡರ್ ಎಂದು ನೀವೇ ಗುಣಿಸಿ. ದಿನವಿಡೀ ಆಮ್ಲಜನಕ ಬೇಕಾದವರು ಮಳೆಗಾಲದ ನಾಲ್ಕು ತಿಂಗಳು ತೋಟದಲ್ಲಿರಬಾರದು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಜಿಗಣೆ ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಶುದ್ಧ ಬಟ್ಟೆಯಲ್ಲಿ ಹತ್ತು-ಹದಿನೈದು ನಿಮಿಷ ಬಿಡದೆ ಒತ್ತಿಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ಮತ್ತೆ ಶುರು.

ಹೋಂ ನರ್ಸ್ ಇಟ್ಟುಕೊಳ್ಳುವಾಗ ಅವರು ನಿಜಕ್ಕೂ ನರ್ಸೋ ಎಂದು ತಿಳಿದುಕೊಳ್ಳಿ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರು ಬೇರೆ, ಕೆಲವು ವಾರ ತರಬೇತಿ ಪಡೆದ ಸಹಾಯಕಿಯರು ಬೇರೆ. ಸ್ನಾನ, ಊಟ, ಓಡಾಟಕ್ಕೆ ಎರಡನೆಯವರು ಸಾಕು. ಇನ್ಸುಲಿನ್ ಪ್ರಮಾಣ ಬದಲಿಸುವುದು, ಮೂಗಿನ ನಳಿಕೆ, ಮೂತ್ರದ ಕ್ಯಾಥೆಟರ್ ಇವರ ಕೈಗೆ ಕೊಡಬಾರದು. ಅವರು ರಜೆ ಹೋದಾಗ ಬದಲಿ ಯಾರು ಎಂದು ಏಜೆನ್ಸಿಯಿಂದ ಬರೆಸಿಕೊಳ್ಳಿ. ಸಂಬಳ, ಅವರ ಊಟ, ಏಜೆನ್ಸಿ ಶುಲ್ಕ, ಆಸ್ಪತ್ರೆಗೆ ಟ್ಯಾಕ್ಸಿ, ಜನರೇಟರಿನ ಡೀಸೆಲ್, ಮಳೆಗೆ ಮುಂಚಿನ ಮಾಡಿನ ರಿಪೇರಿ ಎಲ್ಲ ಕೂಡಿಸಿ ನೋಡಿದರೆ, ‘ಸ್ವಂತ ಮನೆ, ಖರ್ಚೇನಿದೆ’ ಎಂಬ ಮಾತು ನಿಲ್ಲುವುದಿಲ್ಲ.

ಪೇಟೆ ಮನೆ

ಜಿಲ್ಲೆ ಬಿಡಲು ಮನಸ್ಸಿಲ್ಲದವರಿಗೆ ನಮ್ಮ ಮೊದಲ ಸಲಹೆ ಇದೇ. ಪೇಟೆಗಳ ನಡುವೆ ಮಾತ್ರ ವ್ಯತ್ಯಾಸ ದೊಡ್ಡದು. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆಯಿದೆ, ಮಾಜಿ ಸೈನಿಕರಿಗೆ ಅವರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ ಇದೆ. ಆದರೆ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಈ ಊರಲ್ಲಿ ಏರು, ಇಳಿಜಾರು, ಮೆಟ್ಟಿಲು, ಶೀತ. ಮಂಡಿನೋವಿನವರೂ ಉಬ್ಬಸದವರೂ ಮನೆಯೊಳಗೇ ಸೆರೆಯಾಗುತ್ತಾರೆ. ಕುಶಾಲನಗರ ಸಮತಟ್ಟು, ಮಳೆ ಎಷ್ಟೋ ಕಡಿಮೆ, ಮೈಸೂರಿಗೆ ಹತ್ತಿರ. ದಿನಾ ಅರ್ಧ ಗಂಟೆ ಬಯಲಲ್ಲಿ ನಡೆಯಬಹುದು. ಕಾವೇರಿ ದಡದ ಬಡಾವಣೆಗಳನ್ನು ಬಿಟ್ಟು ಮನೆ ನೋಡಿ. 2018 ಮತ್ತು 2019ರಲ್ಲಿ ಕೆಲವಕ್ಕೆ ನೀರು ನುಗ್ಗಿತ್ತು. ದಕ್ಷಿಣ ಕೊಡಗಿನವರಿಗೆ ಗೋಣಿಕೊಪ್ಪ, ವಿರಾಜಪೇಟೆ ಸಹಜವೆನಿಸುವುದು ನೆಂಟರ ಕಾರಣಕ್ಕೆ, ಅದು ಸಣ್ಣ ಕಾರಣವೇನಲ್ಲ. ಮದುವೆ, ತಿಥಿ, ಒಕ್ಕದ (ಕುಲದ) ಕೂಟಗಳಿಗೆ ಹೋಗಿಬರುವವರು ಮಂಕಾಗುವುದು ಕಡಿಮೆ.

ಬಾಡಿಗೆಗಾದರೂ ನೆಲಮಹಡಿಯೇ ಇರಲಿ. ಲಿಫ್ಟ್ ಇದೆ ಎಂದು ಎರಡನೇ ಮಹಡಿ ಹಿಡಿಯುವವರು, ಆ ಲಿಫ್ಟಿಗೆ ಜನರೇಟರ್ ಇದೆಯೇ, ಸ್ಟ್ರೆಚರ್ ಹಿಡಿಯುತ್ತದೆಯೇ ಎಂದು ಕೇಳುವುದಿಲ್ಲ. ಹಲವರು ನಡೆಸುವ ನಡುದಾರಿಯೂ ಒಳ್ಳೆಯದು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಟೆಯಲ್ಲಿ, ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಹೊತ್ತಿಗೆ ವಾಪಸ್ ತೋಟಕ್ಕೆ. ನಡೆದಾಡಬಲ್ಲ ತನಕ ಇದಕ್ಕಿಂತ ಚೆಂದದ ಏರ್ಪಾಡಿಲ್ಲ. ಮರೆವಿನವರಿಗೆ ಮಾತ್ರ ಒಗ್ಗದು. ಜಾಗ ಬದಲಾದಾಗಲೆಲ್ಲ ಗೊಂದಲ ಹೆಚ್ಚುತ್ತದೆ.

ಬೆಂಗಳೂರಿನ ಮಗನ ಫ್ಲ್ಯಾಟ್ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಆಸ್ಪತ್ರೆ ಹತ್ತಿರ, ಆದರೆ ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಮನೆಯಲ್ಲಿ ಯಾರಿರುತ್ತಾರೆ ಎಂಬ ಪ್ರಶ್ನೆಗೆ ಉತ್ತರವಿದ್ದರೆ ಮಾತ್ರ.

ಹಿರಿಯರ ವಸತಿ ಸಮುಚ್ಚಯ

ಮೈಸೂರು, ಬೆಂಗಳೂರು, ಕೊಯಮತ್ತೂರು ಕಡೆ ಇಂಥವು ಹಲವು ಬಂದಿವೆ. ಸ್ವಂತ ಮನೆ ಅಥವಾ ಫ್ಲ್ಯಾಟ್, ಜೊತೆಗೆ ಊಟದ ಮನೆ, ಕರೆಗಂಟೆ, ನರ್ಸ್, ಆಂಬ್ಯುಲೆನ್ಸ್. ಇದು ಕೈಕಾಲು ಗಟ್ಟಿಯಿರುವಾಗಲೇ ಸೇರಬೇಕಾದ ಜಾಗ. 85ರಲ್ಲಿ ಸೊಂಟ ಮುರಿದ ಮೇಲೆ ಸೇರಿದವರಿಗೆ ಗೆಳೆತನ ಬೆಳೆಯುವುದು ಕಷ್ಟ, ಕೊಟ್ಟ ಹಣದ ಅರ್ಧ ಸೌಲಭ್ಯ ಬಳಕೆಯಾಗುವುದಿಲ್ಲ. ದಂಪತಿಯಲ್ಲಿ ಒಬ್ಬರು ಗಟ್ಟಿ, ಒಬ್ಬರು ಅಶಕ್ತರಿರುವಾಗ ಇದರ ಬೆಲೆ ತಿಳಿಯುತ್ತದೆ. ಯಾಕೆಂದರೆ ಮನೆಯಲ್ಲಿ ಕುಗ್ಗಿಹೋಗುವುದು ನೋಡಿಕೊಳ್ಳುವವರೇ.

ಭೇಟಿಗೆ ಹೇಳದೆ ಹೋಗಿ, ಸಾಧ್ಯವಾದರೆ ರಾತ್ರಿ ಊಟದ ಹೊತ್ತಿಗೆ. ‘24 ಗಂಟೆ ವೈದ್ಯಕೀಯ ಸೇವೆ’ ಎಂಬುದರ ಒಳಗೇನಿದೆ ಎಂದು ಬಿಡಿಸಿ ಕೇಳಿ: ರಾತ್ರಿ ಪಾಳಿಯಲ್ಲಿ ಓದಿದ ನರ್ಸ್ ಎಷ್ಟು ಮಂದಿ, ಎಷ್ಟು ಮನೆಗೆ? ಆಂಬ್ಯುಲೆನ್ಸ್ ಆವರಣದಲ್ಲೇ ನಿಂತಿದೆಯೋ, ಫೋನ್ ಮಾಡಿ ಕರೆಸುವುದೋ? ಚಾಲಕ ರಾತ್ರಿ ಅಲ್ಲೇ ಮಲಗುತ್ತಾನೆಯೇ? ಬಚ್ಚಲಲ್ಲಿ ನಿಂತು ಕರೆಗಂಟೆ ಒತ್ತಿ, ಗಡಿಯಾರ ನೋಡಿ. ಅದರ ಹಗ್ಗ ನೆಲದವರೆಗೆ ಇಳಿಬಿದ್ದಿರಬೇಕು. ಬಿದ್ದವರ ಕೈ ನಾಲ್ಕಡಿ ಮೇಲಿನ ಗುಂಡಿಗೆ ಎಟಕುವುದಿಲ್ಲ. ಈ ಒಂದು ಪರೀಕ್ಷೆ ಇಡೀ ಕೈಪಿಡಿಗಿಂತ ಹೆಚ್ಚು ಹೇಳುತ್ತದೆ.

ಮರೆವಿನ ಕಾಯಿಲೆ ಬಂದರೆ, ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರೆಯೇ ಎಂಬುದನ್ನು ಮಾತಿನಲ್ಲಲ್ಲದೆ ಒಪ್ಪಂದದಲ್ಲೇ ಓದಿ. ಕೆಲವೆಡೆ ‘ಸ್ವತಂತ್ರವಾಗಿ ಬದುಕಲಾರದ ಸ್ಥಿತಿ’ ಬಂದರೆ ಮನೆ ಬಿಡಬೇಕೆಂಬ ಸಾಲು ಕೊನೆಯ ಪುಟದಲ್ಲಿರುತ್ತದೆ.

ಆರೈಕೆ ಕೇಂದ್ರ ಮತ್ತು ವೃದ್ಧಾಶ್ರಮ

ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ದಾನದಿಂದ ನಡೆಯುವ ವೃದ್ಧಾಶ್ರಮ ಸಾಮಾನ್ಯವಾಗಿ ಓಡಾಡಬಲ್ಲವರಿಗೆ. ಹಾಸಿಗೆ ಹಿಡಿದವರನ್ನು ಮನೆಯವರಿಗೆ ಒಪ್ಪಿಸುವ ನಿಯಮ ಹಲವೆಡೆ ಇದೆ. ಶುಲ್ಕ ಪಡೆಯುವ ಆರೈಕೆ ಕೇಂದ್ರ ಹಾಸಿಗೆ ಹಿಡಿದವರಿಗೇ ಇರುವುದು. ಅಲ್ಲಿ ನೋಡಬೇಕಾದ್ದು ಗೋಡೆಯ ಬಣ್ಣವಲ್ಲ. ಹಾಸಿಗೆಯಲ್ಲಿರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ದಾಖಲೆ ತೋರಿಸಲು ಹೇಳಿ. ಗಾಳಿಹಾಸಿಗೆ ಇದ್ದ ಮಾತ್ರಕ್ಕೆ ಹಾಸಿಗೆ ಹುಣ್ಣು ತಪ್ಪುವುದಿಲ್ಲ. ತಿಂಗಳ ತೂಕದ ಪುಸ್ತಕ ಕೇಳಿ. ತಿಂಗಳಲ್ಲಿ ನೂರಕ್ಕೆ 5ರಷ್ಟು, ಆರು ತಿಂಗಳಲ್ಲಿ 10ರಷ್ಟು ತೂಕ ಇಳಿದರೆ ಅದು ವಯಸ್ಸಿನ ಲಕ್ಷಣವಲ್ಲ, ಕಾರಣ ಹುಡುಕಬೇಕಾದ ಕಾಯಿಲೆ. ಮಧ್ಯಾಹ್ನ ಮೂರಕ್ಕೂ ಎಲ್ಲರೂ ತೂಕಡಿಸುತ್ತಿದ್ದರೆ ನಿದ್ದೆಯ ಔಷಧಿ ಜೋರಾಗಿದೆಯೇ ಎಂದು ಅನುಮಾನಿಸಿ. ನಡೆಯಬಲ್ಲವರಿಗೂ ಡೈಪರ್ ಹಾಕಿದ್ದರೆ ಕೈಗಳು ಸಾಲುತ್ತಿಲ್ಲ ಎಂದರ್ಥ.

ಊಟ, ಪೆಗ್ಗು, ಮಾತು

ಕೊಡಗಿನವರು ಹೊರಗಿನ ವಸತಿಗಳಲ್ಲಿ ಸೋಲುವುದು ಹೆಚ್ಚಾಗಿ ಇಲ್ಲಿ. ಬಹಳ ಕಡೆ ಸಸ್ಯಾಹಾರ ಮಾತ್ರ. ಮೂಳೆ-ಸ್ನಾಯು ಉಳಿಯಲು ಹಿರಿಯರಿಗೆ ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕಿಲೋದವರಿಗೆ 60ರಿಂದ 72 ಗ್ರಾಂ. (ಮೂತ್ರಪಿಂಡದ ತೊಂದರೆಯಿದ್ದರೆ ವೈದ್ಯರನ್ನು ಕೇಳಿಯೇ.) ಬೇಯಿಸಿದ ಕೋಳಿ 100 ಗ್ರಾಮಿನಲ್ಲಿ ಸುಮಾರು 25 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ. ಜೀವಮಾನವಿಡೀ ಮಾಂಸ ತಿಂದವರಿಗೆ ತಿಳಿಸಾರು-ಅನ್ನ ಬಡಿಸಿದರೆ ಪ್ರೋಟೀನೂ ಇಲ್ಲ, ಹಸಿವೂ ಇಲ್ಲ. ಮೊಟ್ಟೆಯಾದರೂ ಕೊಡುತ್ತಾರೆಯೇ, ಮನೆಯೊಳಗೆ ಬೇಯಿಸಿಕೊಳ್ಳಬಹುದೇ, ನೆಂಟರು ಪಂದಿಕರಿ (ಹಂದಿಮಾಂಸದ ಸಾರು) ತಂದುಕೊಟ್ಟರೆ ಬಾಗಿಲಲ್ಲೇ ತಡೆಯುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ತೋಟದ ಮನೆಯ ಊಟದ ದೋಷ ಬೇರೆ: ಒಣಮೀನು, ಉಪ್ಪಿನಕಾಯಿಯಿಂದ ಉಪ್ಪು ದಿನಕ್ಕೆ 5 ಗ್ರಾಂ ಎಂಬ ಮಿತಿಯನ್ನು ಸದ್ದಿಲ್ಲದೆ ದಾಟಿರುತ್ತದೆ.

ಕುಡಿತದ ವಿಷಯ ಯಾರೂ ಅರ್ಜಿಯಲ್ಲಿ ಬರೆಯುವುದಿಲ್ಲ. ದಿನಾ ಸಂಜೆ ರಮ್ ಹಾಕುತ್ತಿದ್ದವರು ಮದ್ಯ ನಿಷೇಧದ ಜಾಗಕ್ಕೆ ಸೇರಿ ಥಟ್ಟನೆ ನಿಲ್ಲಿಸಿದರೆ, ಮೊದಲ ದಿನದಿಂದ ನಾಲ್ಕನೇ ದಿನದೊಳಗೆ ಕೈನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸ್ ಬರಬಹುದು. ಹೊಸ ಜಾಗದ ಗೊಂದಲವೆಂದೋ ಮರೆವೆಂದೋ ಅದನ್ನು ತಪ್ಪು ತಿಳಿಯುತ್ತಾರೆ, ಜೀವಕ್ಕೇ ಅಪಾಯ. ಪ್ರಮಾಣವನ್ನು ವೈದ್ಯರಿಗೆ ಇದ್ದಂತೆ ಹೇಳಿ, ಅವರ ನಿಗಾದಲ್ಲಿ ಇಳಿಸಿದ ಮೇಲೆ ಸೇರಿಸಿ.

ಇನ್ನು ಮಾತು. ಮರೆವಿನ ಕಾಯಿಲೆ ಬೆಳೆದಂತೆ ಆಮೇಲೆ ಕಲಿತ ಭಾಷೆ ಹಿಂದೆ ಸರಿದು ಹುಟ್ಟುಭಾಷೆ ಉಳಿಯುವುದುಂಟು. ಕೊಡವ ತಕ್ಕ್ ಅಥವಾ ಅರೆಭಾಷೆ ಬಾರದ ಸಹಾಯಕರ ನಡುವೆ ‘ನೀರು ಬೇಕು’, ‘ನೋಯುತ್ತದೆ’ ಎಂಬುದೂ ತಲುಪದೆ, ಸಿಟ್ಟು ಎಂದು ದಾಖಲಾಗುತ್ತದೆ. ಇಪ್ಪತ್ತು ಅಗತ್ಯದ ಮಾತುಗಳನ್ನು ಕನ್ನಡದ ಅರ್ಥದೊಡನೆ ಬರೆದು ಮಂಚದ ಪಕ್ಕ ಅಂಟಿಸಿ.

ಹಣ ಮತ್ತು ಕಾಗದ

ಸಮುಚ್ಚಯಗಳಲ್ಲಿ ಮೂರು ಬಗೆ: ಖರೀದಿ, ದೊಡ್ಡ ಠೇವಣಿಯ ಲೀಸ್, ತಿಂಗಳ ಬಾಡಿಗೆ. ಮೊದಲ ವರ್ಷ ಬಾಡಿಗೆಯೇ ಕ್ಷೇಮ. ಒಗ್ಗದಿದ್ದರೆ ಹೊರಬರುವುದು ಸುಲಭ. ಖರೀದಿಯಾದರೆ ಕೆ-ರೇರಾ (ಕರ್ನಾಟಕದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನೋಡಿ. 500 ಚದರ ಮೀಟರ್ ಮೀರಿದ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆಗೆ ಅದು ಬೇಕು. ಕಟ್ಟಿದವರು ಬೇರೆ, ಸೇವೆ ಕೊಡುವವರು ಬೇರೆಯಾದರೆ ಇಬ್ಬರೂ ನಿಮ್ಮ ಜೊತೆ ಸಹಿ ಹಾಕಿದ ತ್ರಿಪಕ್ಷೀಯ ಒಪ್ಪಂದವಿರಲಿ. 2019ರ ಕೇಂದ್ರದ ಮಾದರಿ ಮಾರ್ಗಸೂಚಿಯಲ್ಲೂ ಇದೇ ಸಲಹೆಯಿದೆ. ತಿಂಗಳ ಶುಲ್ಕ ವರ್ಷಕ್ಕೆ ಎಷ್ಟು ಏರುತ್ತದೆ, ಒಬ್ಬರು ತೀರಿಕೊಂಡರೆ ಉಳಿದವರಿಗೆ ಎಷ್ಟು, ಠೇವಣಿ ಎಷ್ಟು ದಿನದಲ್ಲಿ ವಾಪಸ್ ಎಂಬುದನ್ನು ಅಂಕೆಯಲ್ಲಿ ಬರೆಸಿ.

ಜಮ್ಮಾ ಜಾಗ (ಒಕ್ಕಕ್ಕೆ ತಲೆಮಾರಿನಿಂದ ಬಂದ ಭೂಮಿ) ಮಾರಿ ಠೇವಣಿ ಕಟ್ಟುತ್ತೇವೆ ಎಂಬ ಲೆಕ್ಕ ಹಾಕಬೇಡಿ. ಪಟ್ಟೆದಾರರ (ಒಕ್ಕದ ಯಜಮಾನರ) ಜೊತೆ ಒಕ್ಕದ ಹಲವರ ಹೆಸರಿರುವ ದಾಖಲೆ ಬಿಡಿಸಿಕೊಳ್ಳುವಷ್ಟರಲ್ಲಿ ವರ್ಷಗಳೇ ಹೋಗಬಹುದು. ತೋಟವನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವ ಹಿರಿಯರು, ‘ಜೀವಿತಾವಧಿ ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಸೇರಿಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ, ಷರತ್ತು ಮುರಿದರೆ ಆ ಪತ್ರ ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ದಾರಿ ತೋಚದಾಗ 14567 ಹಿರಿಯರ ಸಹಾಯವಾಣಿ ಇದೆ.

ಎಲ್ಲಿಗೆ ಹೋದರೂ ಒಂದು ಫೈಲು ಜೊತೆಗಿರಲಿ: ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಹಳೆಯ ಇಸಿಜಿಯ ಪ್ರತಿ, ಅಲರ್ಜಿ, ರಕ್ತದ ಗುಂಪು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ದಿನಾಂಕ, ವಿಮೆ ಅಥವಾ ಇಸಿಎಚ್‌ಎಸ್ ಕಾರ್ಡಿನ ಪ್ರತಿ. ಮಾಜಿ ಸೈನಿಕರನ್ನು ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಬೇಕು. ತಡವಾದರೆ ಬಿಲ್ಲು ವಾಪಸಾಗುವುದು ಕಷ್ಟ. ಆ ಫೋನ್ ನಂಬರನ್ನು ಫೈಲಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆದಿಡಿ.